ಹಬ್ಬದ ಒಲೆಗೆ ಹಲವು ಕೈಗಳು

ಕ್ರಿಸ್‌ಮಸ್ ಹಬ್ಬದ ಚರಿತ್ರೆಯನ್ನು ಬರೆದವರು ಅದರ ದಿನಾಂಕವನ್ನು ಕುರಿತು, ಗೋದಲಿಯನ್ನು ಕುರಿತು, ಗೀತೆಗಳನ್ನು ಕುರಿತು ಪುಟಗಟ್ಟಲೆ ಬರೆದಿದ್ದಾರೆ. ಆ ಹಬ್ಬದ ಊಟವನ್ನು ಬೇಯಿಸಿ ಬಡಿಸಿದ ಕೈಗಳನ್ನು ಕುರಿತು ಬರೆದವರು ವಿರಳ. ಆದರೆ ಹಬ್ಬವು ದೇವಾಲಯದಿಂದ ಮನೆಗೆ ಬರುವುದು ಅಡುಗೆಮನೆಯ ಮೂಲಕವೇ. ಆದುದರಿಂದ ಈ ಬಾರಿ ಅಡುಗೆಮನೆಯ ಬಾಗಿಲಿನಿಂದ ಹಬ್ಬದ ಚರಿತ್ರೆಯನ್ನು ನೋಡೋಣ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಡಿಸೆಂಬರ್ 24ರ ಸಂಜೆ ಹೇಗಿರುತ್ತದೆಂದು ಒಮ್ಮೆ ನೆನೆಯಿರಿ. ಅಂಗಳದಲ್ಲಿ ನಕ್ಷತ್ರ ಬೆಳಗುತ್ತಿದೆ, ಮಕ್ಕಳು ಗೋದಲಿಗೆ ಹುಲ್ಲು ಹೊದಿಸುತ್ತಿದ್ದಾರೆ, ಹೊಸ ಬಟ್ಟೆಗಳಿಗೆ ಇಸ್ತ್ರಿಯಾಗುತ್ತಿದೆ. ಅಡುಗೆಮನೆಯಲ್ಲಿ ಮಾತ್ರ ಮನೆಯ ತಾಯಿ ಈರುಳ್ಳಿ ಹೆಚ್ಚುತ್ತಾ, ಮಸಾಲೆ ಹುರಿಯುತ್ತಾ, ಗಡಿಯಾರವನ್ನು ನೋಡುತ್ತಾ ನಿಂತಿದ್ದಾಳೆ. ನಡುರಾತ್ರಿಯ ಬಲಿಪೂಜೆ ಮುಗಿಸಿ ಮನೆ ಸೇರುವಾಗ ಒಂದೂವರೆ ಗಂಟೆ. ಬೆಳಗಿನ ಐದಕ್ಕೆ ಮತ್ತೆ ಒಲೆ ಹೊತ್ತಬೇಕು. ಮಧ್ಯಾಹ್ನ ನೆಂಟರಿಷ್ಟರು ಉಂಡು ಎದ್ದ ಮೇಲೆ ಅವಳು ತಟ್ಟೆ ಹಿಡಿಯುವ ಹೊತ್ತಿಗೆ ಹಸಿವೆಯೇ ಇಂಗಿಹೋಗಿರುತ್ತದೆ. ಪೂಜೆಯ ಹೊತ್ತಿನಲ್ಲಿಯೂ ಅವಳ ಮನಸ್ಸು ನೆನೆಸಿಟ್ಟ ಮಾಂಸದ ಮೇಲಿತ್ತೆಂದರೆ ಅವಳನ್ನು ದೂರುವಂತಿಲ್ಲ.

ಹಬ್ಬವೆಂದರೆ ಇಷ್ಟೇ, ಹಿಂದಿನಿಂದಲೂ ಇದು ಹೀಗೆಯೇ ಎಂದು ನಾವು ತಿಳಿದಿದ್ದೇವೆ. ಚರಿತ್ರೆ ಹೇಳುವುದು ಬೇರೆ. ಹಬ್ಬದ ಊಟವೆಲ್ಲವೂ ಒಂದೇ ದಿನದಲ್ಲಿ, ಒಬ್ಬಳೇ ಹೆಂಗಸಿನ ಕೈಯಿಂದ ಸಿದ್ಧವಾಗಬೇಕೆಂಬ ಪದ್ಧತಿ ಪುರಾತನವಾದುದಲ್ಲ. ಹಿಂದಿನವರಿಗೆ ಈ ಹೊರೆಯನ್ನು ಇಳಿಸುವ ಹಲವು ದಾರಿಗಳು ಗೊತ್ತಿದ್ದವು.

ಜಾಗರಣೆಯ ಸರಳ ಊಟ

ಡಿಸೆಂಬರ್ 25ರಂದು ಕ್ರಿಸ್ತಜಯಂತಿಯನ್ನು ಆಚರಿಸುತ್ತಿದ್ದುದಕ್ಕೆ ನಮಗೆ ದೊರೆತಿರುವ ಅತ್ಯಂತ ಹಳೆಯ ಲಿಖಿತ ಸಾಕ್ಷ್ಯ ರೋಮ್ ನಗರದಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗ. ಅದರಲ್ಲಿ ಸೇರಿರುವ ಪಟ್ಟಿಯು 336ರಷ್ಟು ಹಿಂದಿನದೆಂದು ವಿದ್ವಾಂಸರು ಗುರುತಿಸಿದ್ದಾರೆ. ಹಬ್ಬವು ನೆಲೆಗೊಂಡ ಸ್ವಲ್ಪ ಕಾಲದಲ್ಲಿಯೇ ಅದಕ್ಕೆ ಸಿದ್ಧತೆಯ ದಿನಗಳೂ ಸೇರಿಕೊಂಡವು. ಐದನೆಯ ಶತಮಾನದಲ್ಲಿ ಗಾಲ್ ದೇಶದ ತೂರ್ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಪೆರ್ಪೆತುವುಸರು, ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸವಿರಬೇಕೆಂದು ಗೊತ್ತುಪಡಿಸಿದ್ದರು. ಇಂದಿನ ಆಗಮನ ಕಾಲದ ಬೇರುಗಳಲ್ಲಿ ಇದೂ ಒಂದು.

ಆ ದೀರ್ಘ ಉಪವಾಸ ಕಾಲಕ್ರಮದಲ್ಲಿ ಸಡಿಲಗೊಂಡರೂ ಹಬ್ಬದ ಮುನ್ನಾದಿನದ ಒಪ್ಪೊತ್ತು ಬಹುಕಾಲ ಉಳಿಯಿತು. 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿಯೂ ಕ್ರಿಸ್‌ಮಸ್ ಜಾಗರಣೆಯ ದಿನ ಉಪವಾಸ ಮತ್ತು ಮಾಂಸತ್ಯಾಗ ಎರಡೂ ಕಡ್ಡಾಯವಾಗಿದ್ದವು. ಇದನ್ನು ತಪಸ್ಸೆಂದು ಮಾತ್ರ ನಾವು ನೋಡುತ್ತೇವೆ. ಅಡುಗೆಮನೆಯ ದೃಷ್ಟಿಯಿಂದ ನೋಡಿರಿ: ಹಬ್ಬಕ್ಕೆ ಮುಂಚಿನ ಇಡೀ ದಿನ ದೊಡ್ಡ ಅಡುಗೆಯೇ ಇಲ್ಲ. ಮನೆಯವರೆಲ್ಲರಿಗೂ ಒಂದೇ ಹೊತ್ತಿನ ಊಟ, ಅದೂ ಮಾಂಸವಿಲ್ಲದ ಸರಳ ಊಟ. ಉಪವಾಸವು ದೇವರಿಗೆ ಸಲ್ಲಿಸಿದ ಕಾಣಿಕೆಯಾಗಿತ್ತು, ಜೊತೆಗೆ ಅಡುಗೆಯವಳಿಗೆ ಸಿಕ್ಕ ಬಿಡುವೂ ಆಗಿತ್ತು.

ಈ ವಿವೇಕದ ಗುರುತುಗಳು ಯೂರೋಪಿನ ಹಲವು ಕಡೆ ಇಂದಿಗೂ ಉಳಿದಿವೆ. ಜರ್ಮನಿಯ ಅಸಂಖ್ಯ ಮನೆಗಳಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟವೆಂದರೆ ಮೊದಲೇ ಕಲಸಿಟ್ಟ ಆಲೂಗಡ್ಡೆಯ ಕೋಸಂಬರಿ ಮತ್ತು ಬಿಸಿನೀರಿನಲ್ಲಿ ಕಾಯಿಸಿದ ಸಾಸೇಜ್. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದಲ್ಲಿ ನಡುರಾತ್ರಿಯ ಪೂಜೆಗೆ ಮುಂಚೆ ಮಾಂಸವಿಲ್ಲದ ಊಟ ಮಾಡಿ, ಬಳಿಕ ಯೇಸುಸ್ವಾಮಿ ಮತ್ತು ಹನ್ನೆರಡು ಮಂದಿ ಪ್ರೇಷಿತರ ನೆನಪಿಗೆ ಹದಿಮೂರು ಸಿಹಿಗಳನ್ನು ಇಡುತ್ತಾರೆ. ಹದಿಮೂರು ಎಂದೊಡನೆ ಗಾಬರಿಯಾಗಬೇಕಿಲ್ಲ. ಅವುಗಳಲ್ಲಿ ಬಹುಪಾಲು ಒಣದ್ರಾಕ್ಷಿ, ಒಣ ಅಂಜೂರ, ಬಾದಾಮಿ, ಅಕ್ರೋಟು ಮತ್ತು ತಾಜಾ ಹಣ್ಣುಗಳು. ಮೊದಲ ನಾಲ್ಕನ್ನು ‘ನಾಲ್ವರು ಭಿಕ್ಷುಕರು’ ಎಂದು ಕರೆದು, ಭಿಕ್ಷಾವೃತ್ತಿಯ ನಾಲ್ಕು ಸನ್ಯಾಸಿ ಸಭೆಗಳ ಉಡುಪಿನ ಬಣ್ಣಗಳಿಗೆ ಹೋಲಿಸುವುದುಂಟು. ಒಲೆಯ ಮೇಲೆ ಇಡಬೇಕಾದುದು ಈ ಹಣ್ಣುಗಳಲ್ಲಿ ಒಂದೂ ಇಲ್ಲ. ಹಬ್ಬದ ಮೇಜು ತುಂಬಿರುತ್ತದೆ, ಅಡುಗೆಯವಳ ಕೈ ಬರಿದಾಗಿರುತ್ತದೆ. ಆ ತಟ್ಟೆಗಳನ್ನು ಮೂರು ದಿನ ತೆಗೆಯುವುದೂ ಇಲ್ಲ. ಬಂದವರು ತೆಗೆದುಕೊಂಡು ತಿನ್ನುತ್ತಾರೆ.

‘ಸಾಂತ್ವನ’ ಎಂಬ ಹೆಸರಿನ ಊಟ

ನಮ್ಮ ಕರಾವಳಿಗೆ ಹತ್ತಿರದ ಸಂಬಂಧವಿರುವುದು ಪೋರ್ಚುಗಲ್ ದೇಶದ ಪದ್ಧತಿಗೆ. ಅಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ‘ಕೊನ್ಸುವಾದ’ ಎಂದು ಹೆಸರು. ಸಾಂತ್ವನ ನೀಡುವುದು ಎಂಬ ಅರ್ಥದ ಲತೀನ್ ಪದದಿಂದ ಬಂದ ಹೆಸರಿದು. ಉಪವಾಸದ ದಿನದ ಕೊನೆಯಲ್ಲಿ ಸೇವಿಸುತ್ತಿದ್ದ ಲಘು ಆಹಾರಕ್ಕೆ ಈ ಮಾತು ಬಳಕೆಯಾಗುತ್ತಿತ್ತು. ಕೊನ್ಸುವಾದದ ಮುಖ್ಯ ಭಕ್ಷ್ಯ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಅದನ್ನು ಮೊದಲೇ ನೀರಿನಲ್ಲಿ ನೆನೆಹಾಕಿ, ಆಲೂಗಡ್ಡೆ, ಎಲೆಕೋಸು, ಮೊಟ್ಟೆಗಳೊಂದಿಗೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ ಸುರಿದರೆ ಊಟ ಸಿದ್ಧ. ವರ್ಷದ ದೊಡ್ಡ ರಾತ್ರಿಯ ಊಟ ವರ್ಷದಲ್ಲೇ ಸುಲಭವಾದ ಅಡುಗೆ.

ಇನ್ನೊಂದು ಸಂಗತಿ ನನಗೆ ಬಹಳ ಮೆಚ್ಚುಗೆಯಾದುದು. ಆ ರಾತ್ರಿ ಉಳಿದ ಮೀನು, ಆಲೂಗಡ್ಡೆ, ಕೋಸುಗಳನ್ನು ಮರುದಿನ ಬೆಳ್ಳುಳ್ಳಿ ಮತ್ತು ಎಣ್ಣೆಯಲ್ಲಿ ಬಾಡಿಸಿ ಕ್ರಿಸ್‌ಮಸ್ ದಿನ ಉಣ್ಣುತ್ತಾರೆ. ಅದಕ್ಕೆ ಅವರು ಇಟ್ಟಿರುವ ಹೆಸರು ‘ಹಳೆಯ ಬಟ್ಟೆ’ ಎಂಬರ್ಥದ್ದು. ಹೊಸ ಬಟ್ಟೆ ತೊಟ್ಟು ‘ಹಳೆಯ ಬಟ್ಟೆ’ಯನ್ನು ಉಣ್ಣುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇಲ್ಲ. ಹಬ್ಬದ ಗೌರವ ಹೊಸ ಅಡುಗೆಯ ಲೆಕ್ಕದಲ್ಲಿ ಇಲ್ಲವೆಂಬುದು ಅವರಿಗೆ ಗೊತ್ತು.

1510ರಲ್ಲಿ ಗೋವ ಪೋರ್ಚುಗೀಸರ ವಶವಾದ ಮೇಲೆ ಈ ಪದವೂ ಸಮುದ್ರ ದಾಟಿ ಬಂತು. ಗೋವದ ಕ್ರೈಸ್ತರಲ್ಲಿ ಅದು ಹಬ್ಬದಂದು ನೆರೆಮನೆಗಳಿಗೆ ಕಳುಹಿಸುವ ಸಿಹಿತಿಂಡಿಗಳ ತಟ್ಟೆಯ ಹೆಸರಾಯಿತು. 16ರಿಂದ 18ನೆಯ ಶತಮಾನದವರೆಗೆ ಗೋವದಿಂದ ಕನ್ನಡ ಕರಾವಳಿಗೆ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರ ಮನೆಗಳಲ್ಲಿಯೂ ತಿಂಡಿಗಳ ತಟ್ಟೆ ಹಂಚುವ ಪದ್ಧತಿ ಬೇರೂರಿದೆ. ನಾವು ಅದನ್ನು ‘ಕುಸ್ವಾರ್’ ಎಂದು ಬಲ್ಲೆವು.

ಮೊದಲೇ ಮಾಡಿಡುವ ಜಾಣ್ಮೆ

ಕುಸ್ವಾರಿನ ತಿಂಡಿಗಳನ್ನು ಗಮನಿಸಿದ್ದೀರಾ? ನೆವ್ರಿ, ಕಿಡ್ಯೊ, ತುಕ್ಡಿ, ಚಕ್ಕುಲಿ, ಎಳ್ಳಿನ ಲಾಡು, ಅಚ್ಚಿನಿಂದ ಎಣ್ಣೆಗೆ ಇಳಿಸುವ ಗುಲಾಬಿ ಹೂವಿನ ತಿಂಡಿ. ಎಲ್ಲವೂ ಡಬ್ಬಿಯಲ್ಲಿ ಹಲವು ದಿನ ಕೆಡದೆ ಉಳಿಯುವಂಥವು. ಹಬ್ಬಕ್ಕೆ ವಾರ ಹದಿನೈದು ದಿನ ಇರುವಾಗಲೇ ಸಂಜೆಗೊಂದರಂತೆ ಮಾಡಿಟ್ಟರೆ ಮುಗಿಯಿತು. ಕಿಡ್ಯೊ ಎಂದರೆ ಹುಳುಗಳು. ಹಿಟ್ಟಿನ ಸಣ್ಣ ಉಂಡೆಯನ್ನು ಮುಳ್ಳುಚಮಚದ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಮಾಡುವುದು ಮಕ್ಕಳ ಕೆಲಸ. ಮಗುವಿನ ಕೈಗೂ ಸಾಧ್ಯವಾದ ಕೆಲಸವೊಂದು ಈ ತಿಂಡಿಯಲ್ಲಿ ಇದೆ. ಮೈಸೂರು, ಬೆಂಗಳೂರು ಸೀಮೆಗಳ ಕ್ರೈಸ್ತ ಮನೆಗಳ ಕರ್ಜಿಕಾಯಿ, ನಿಪ್ಪಟ್ಟು, ಕಜ್ಜಾಯಗಳ ಮಾತೂ ಇದೇ. ಒಬ್ಬರು ಲಟ್ಟಿಸಬೇಕು, ಒಬ್ಬರು ಹೂರಣ ತುಂಬಬೇಕು, ಒಬ್ಬರು ಕರಿಯಬೇಕು.

ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಪುಡ್ಡಿಂಗ್ ಮಾಡುವ ಕ್ರಮವೂ ಹೀಗೆಯೇ. ಆಗಮನ ಕಾಲಕ್ಕೆ ಮುಂಚಿನ ಕೊನೆಯ ಭಾನುವಾರವನ್ನು ಅಲ್ಲಿ ‘ಕಲಕುವ ಭಾನುವಾರ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಅಂದಿನ ಪ್ರಾರ್ಥನೆಯು ವಿಶ್ವಾಸಿಗಳ ಇಚ್ಛಾಶಕ್ತಿಯನ್ನು ಪ್ರಚೋದಿಸೆಂದು ದೇವರನ್ನು ಬೇಡುತ್ತಿತ್ತು. ಕಲಕುವುದಕ್ಕೂ ಪ್ರಚೋದಿಸುವುದಕ್ಕೂ ಅವರ ಭಾಷೆಯಲ್ಲಿ ಒಂದೇ ಮಾತು. ಆ ದಿನ ಮನೆಯವರೆಲ್ಲರೂ ಸರದಿಯಂತೆ ಪುಡ್ಡಿಂಗಿನ ಮಿಶ್ರಣವನ್ನು ಕಲಕುವ ರೂಢಿ ಬೆಳೆಯಿತು. ಹಬ್ಬಕ್ಕೆ ನಾಲ್ಕು ವಾರಗಳ ಮೊದಲೇ ಪುಡ್ಡಿಂಗ್ ಬೆಂದು ಸಿದ್ಧವಾಗಿರುತ್ತದೆ. ಹಬ್ಬದ ದಿನ ಮತ್ತೆ ಬಿಸಿಮಾಡಿದರೆ ಸಾಕು.

ಮಾಂಸದ ಅಡುಗೆಯಲ್ಲಿಯೂ ಈ ಜಾಣ್ಮೆಯುಂಟು. ಗೋವ ಮತ್ತು ಮಂಗಳೂರಿನ ಮನೆಗಳ ಸೊರ್ಪೊತೆಲ್‌ಗೆ ವಿನೆಗರ್ ಬೀಳುತ್ತದೆ. ಹುಳಿಯ ಬಲದಿಂದ ಅದು ಬೇಗ ಕೆಡುವುದಿಲ್ಲ. ಮಾಡಿದ ದಿನಕ್ಕಿಂತ ಎರಡನೆಯ, ಮೂರನೆಯ ದಿನವೇ ಅದರ ರುಚಿ ಹೆಚ್ಚೆಂದು ಹಿರಿಯರೆಲ್ಲ ಬಲ್ಲರು. ಹಬ್ಬದ ಬೆಳಿಗ್ಗೆ ಅದನ್ನು ಮಾಡಲು ತೊಡಗುವವರು ಹೊಸಬರು.

ಊರಿನ ಒಲೆ

1843ರಲ್ಲಿ ಪ್ರಕಟವಾದ ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯನ್ನು ನಿಮ್ಮಲ್ಲಿ ಹಲವರು ಶಾಲೆಯಲ್ಲಿ ಓದಿರಬಹುದು. ಅದರಲ್ಲಿ ಕ್ರ್ಯಾಚಿಟ್ ಎಂಬ ಬಡ ಗುಮಾಸ್ತನ ಮನೆಯ ಹಬ್ಬದೂಟದ ವರ್ಣನೆಯಿದೆ. ಅವರ ಹೆಬ್ಬಾತು ಬೆಂದದ್ದು ಮನೆಯಲ್ಲಿ ಅಲ್ಲ, ಬೀದಿಯ ಬ್ರೆಡ್ ಮಾಡುವವನ ಭಟ್ಟಿಯಲ್ಲಿ. ಅಂದಿನ ಲಂಡನ್ನಿನ ಬಡವರಲ್ಲಿ ಬಹುಪಾಲು ಮಂದಿಗೆ ಮನೆಯಲ್ಲಿ ಭಟ್ಟಿಯೇ ಇರಲಿಲ್ಲ. ಹಬ್ಬದ ಮಾಂಸವನ್ನು ಪಾತ್ರೆಯಲ್ಲಿಟ್ಟು ಅಲ್ಲಿಗೆ ಒಯ್ದು, ಸ್ವಲ್ಪ ಕಾಸು ಕೊಟ್ಟು ಬೇಯಿಸಿ ತರುತ್ತಿದ್ದರು. ಕಥೆಯಲ್ಲಿ ಹೆಬ್ಬಾತನ್ನು ಮನೆಗೆ ತರುವವರು ಮಕ್ಕಳು. ತಾಯಿ ಗೊಜ್ಜು ಬಿಸಿಮಾಡುತ್ತಾಳೆ, ಒಬ್ಬ ಮಗ ಆಲೂಗಡ್ಡೆ ಕಿವುಚುತ್ತಾನೆ, ಒಬ್ಬ ಮಗಳು ಸೇಬಿನ ಗೊಜ್ಜಿಗೆ ಸಕ್ಕರೆ ಸೇರಿಸುತ್ತಾಳೆ, ಇನ್ನೊಬ್ಬಳು ತಟ್ಟೆಗಳನ್ನು ಒರೆಸುತ್ತಾಳೆ, ಚಿಕ್ಕವರು ಕುರ್ಚಿಗಳನ್ನು ಹಾಕುತ್ತಾರೆ. ಪುಡ್ಡಿಂಗ್ ಬೆಂದದ್ದು ಬಟ್ಟೆ ಕುದಿಸುವ ಹಂಡೆಯಲ್ಲಿ. ಭಕ್ಷ್ಯಗಳು ಹೆಚ್ಚಿಲ್ಲ, ಆದರೆ ಕೆಲಸವಿಲ್ಲದ ಕೈ ಆ ಮನೆಯಲ್ಲಿ ಒಂದೂ ಇಲ್ಲ. ಡಿಕನ್ಸ್ ಚಿತ್ರಿಸಿದ ಸಂತೋಷಕ್ಕೆ ಕಾರಣ ಅದೇ ಎಂದು ನನಗನಿಸುತ್ತದೆ.

ಹನ್ನೆರಡು ದಿನಗಳ ಹಬ್ಬ

ಮೇಲೆ ಹೇಳಿದ ತೂರ್ ನಗರದಲ್ಲಿಯೇ 567ರಲ್ಲಿ ಧರ್ಮಾಧ್ಯಕ್ಷರ ಸಭೆಯೊಂದು ನಡೆಯಿತು. ಕ್ರಿಸ್‌ಮಸ್‌ನಿಂದ ಮೂರು ರಾಯರ ಹಬ್ಬದವರೆಗಿನ ದಿನಗಳನ್ನು ಆ ಸಭೆ ಹಬ್ಬದ ದಿನಗಳೆಂದೇ ಕಂಡಿತು. ಡಿಸೆಂಬರ್ 26ರಂದು ಸಂತ ಸ್ತೇಫನರು, 27ರಂದು ಸಂತ ಯೊವಾನ್ನರು, 28ರಂದು ಹೆರೋದನು ಕೊಲ್ಲಿಸಿದ ಮುಗ್ಧ ಶಿಶುಗಳು, ಜನವರಿ 1ರಂದು ದೇವಮಾತೆ ಮರಿಯಮ್ಮನವರು. ಹೀಗೆ ಹಬ್ಬದ ಸಾಲು ಇಂದಿಗೂ ನಮ್ಮ ಪೂಜಾವಿಧಿಯಲ್ಲಿದೆ. ಹನ್ನೆರಡು ದಿನಗಳ ಹಬ್ಬವನ್ನು ಧರ್ಮಸಭೆ ಕೊಟ್ಟಿರುವಾಗ ಹನ್ನೆರಡು ಭಕ್ಷ್ಯಗಳನ್ನು ಒಂದೇ ಮಧ್ಯಾಹ್ನಕ್ಕೆ ತುರುಕಿದವರು ನಾವು.

ಎಲ್ಲಿ ಬದಲಾಯಿತು?

1966ರ ಫೆಬ್ರವರಿಯಲ್ಲಿ ಜಗದ್ಗುರು ಆರನೆಯ ಪೌಲರು ಉಪವಾಸದ ನಿಯಮಗಳನ್ನು ಪರಿಷ್ಕರಿಸಿದರು. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳ ಉಪವಾಸ ಉಳಿಯಿತು, ಕ್ರಿಸ್‌ಮಸ್ ಜಾಗರಣೆಯ ಉಪವಾಸದ ಕಡ್ಡಾಯ ಹೋಯಿತು. ತಪಸ್ಸನ್ನು ವಿಶ್ವಾಸಿಗಳು ಪ್ರೀತಿಯಿಂದ ಆರಿಸಿಕೊಳ್ಳಲಿ ಎಂಬುದು ಆ ಸುಧಾರಣೆಯ ಆಶಯವಾಗಿತ್ತು. ಆದರೆ ಬಹಳಷ್ಟು ಮನೆಗಳಲ್ಲಿ ಕಡ್ಡಾಯ ಹೋದೊಡನೆ ಸರಳ ಊಟವೂ ಹೋಯಿತು. 24ರ ರಾತ್ರಿಯೂ ವಿಶೇಷ, 25ರ ಬೆಳಿಗ್ಗೆಯೂ ವಿಶೇಷ, ಮಧ್ಯಾಹ್ನ ಅದಕ್ಕಿಂತಲೂ ವಿಶೇಷ ಎಂದಾಯಿತು.

ಇನ್ನೊಂದು ಬದಲಾವಣೆ ಒಲೆಯದು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಮನೆಗೆ ಬಂದ ಯಂತ್ರಗಳು ತಾಯಿಯ ಕೆಲಸವನ್ನು ನಾವೆಣಿಸಿದಷ್ಟು ಕಡಿಮೆ ಮಾಡಲಿಲ್ಲ ಎಂಬುದು ಅವರ ವಾದ. ಹೊಸ ಬಗೆಯ ಒಲೆ ಬಂದಾಗ ಸೌದೆ ಸೀಳುವ ಗಂಡಸಿನ ಕೆಲಸ ಇಳಿಯಿತು. ಆದರೆ ಒಂದೇ ಪಾತ್ರೆಯ ಅಡುಗೆಯ ಜಾಗದಲ್ಲಿ ಏಕಕಾಲಕ್ಕೆ ಹಲವು ಭಕ್ಷ್ಯಗಳನ್ನು ನಿರೀಕ್ಷಿಸುವ ರೂಢಿ ಬೆಳೆಯಿತು. ಉಳಿದವರ ಕೆಲಸ ಯಂತ್ರಕ್ಕೆ ಹೋಯಿತು, ತಾಯಿಯ ಕೆಲಸ ತಾಯಿಗೇ ಉಳಿಯಿತು.

ನಮ್ಮ ಮನೆಗಳಲ್ಲಿ ಇದನ್ನು ಕಾಣಲು ಕಷ್ಟವಿಲ್ಲ. ಹಿಂದೆ ಅಜ್ಜ ಸೌದೆ ಒಡೆಯುತ್ತಿದ್ದರು, ಅಜ್ಜಿ ಮತ್ತು ಅತ್ತಿಗೆ ಒರಳಿನ ಮುಂದೆ ಕೂರುತ್ತಿದ್ದರು, ಮಕ್ಕಳು ಬಾವಿಯಿಂದ ನೀರು ತರುತ್ತಿದ್ದರು. ಗ್ಯಾಸ್ ಒಲೆ, ಮಿಕ್ಸಿ, ನಲ್ಲಿ ಬಂದವು, ಒಳ್ಳೆಯದೇ ಆಯಿತು. ಆದರೆ ಆ ಕೆಲಸಗಳೊಂದಿಗೆ ಆ ಜನರೂ ಅಡುಗೆಮನೆಯಿಂದ ಹೊರಟುಹೋದರು. ಅವಿಭಕ್ತ ಕುಟುಂಬವೂ ಒಡೆಯಿತು. ಹಬ್ಬದ ಭಕ್ಷ್ಯಗಳ ಪಟ್ಟಿ ಮಾತ್ರ ಐದಾರು ಹೆಂಗಸರಿದ್ದ ಮನೆಯದೇ ಉಳಿದಿದೆ, ಅದನ್ನು ಮಾಡುವವಳು ಒಬ್ಬಳು. ಹಲವೆಡೆ ಅವಳು ಡಿಸೆಂಬರ್ 24ರವರೆಗೂ ಕಚೇರಿಗೋ ಶಾಲೆಗೋ ಹೋಗಿ ದುಡಿದು ಬಂದವಳು.

ಈ ವರ್ಷ ನೀವು ಮಾಡಬಹುದಾದುದು

ಹಳೆಯ ಕಾಲವನ್ನು ಮರಳಿ ತರಲಾಗದು. ಅದರ ವಿವೇಕವನ್ನು ತರಬಹುದು.

ಮೊದಲನೆಯದಾಗಿ, 24ರ ರಾತ್ರಿ ಮನೆಯಲ್ಲಿ ಗಂಜಿ ಚಟ್ನಿಯಾಗಲಿ, ಅನ್ನ ಸಾರಾಗಲಿ ಸಾಕೆಂದು ಎಲ್ಲರೂ ಸೇರಿ ನಿಶ್ಚಯಿಸಿರಿ. ಯಾರೂ ಕಡ್ಡಾಯ ಮಾಡಿಲ್ಲ. ನೀವೇ ಆರಿಸಿಕೊಂಡ ಒಪ್ಪೊತ್ತು ಅದು. ಮರುದಿನದ ಊಟಕ್ಕೆ ಹಸಿವೆಯೂ ಬರುತ್ತದೆ, ಪೂಜೆಗೆ ಹೊರಡಲು ಸಮಯವೂ ಸಿಗುತ್ತದೆ.

ಎರಡನೆಯದಾಗಿ, ಹಬ್ಬದ ದಿನದ ಊಟಕ್ಕೆ ಒಂದು ಮುಖ್ಯ ಭಕ್ಷ್ಯವನ್ನು ಮಾತ್ರ ಗೊತ್ತುಮಾಡಿಕೊಳ್ಳಿರಿ. ಬಿರಿಯಾನಿಯಾದರೆ ಬಿರಿಯಾನಿ, ಸಾನ್ನಾಂ ಮತ್ತು ಹಂದಿಮಾಂಸದ ಬಫಾತ್ ಆದರೆ ಅದು. ಜೊತೆಗೆ ಒಂದು ಪಲ್ಯ ಅಥವಾ ಕೋಸಂಬರಿ ಇರಲಿ. ಉಳಿದ ಭಕ್ಷ್ಯಗಳಿಗೆ ಇನ್ನೂ ಹನ್ನೊಂದು ದಿನಗಳಿವೆ. ಅಕ್ಕನ ಮನೆಯವರನ್ನು 26ಕ್ಕೆ, ಅಣ್ಣನ ಮನೆಯವರನ್ನು ಹೊಸ ವರ್ಷದ ದಿನಕ್ಕೆ ಕರೆದರೆ ಹಬ್ಬ ಕಡಿಮೆಯಾಗದು, ಉದ್ದವಾಗುತ್ತದೆ.

ಮೂರನೆಯದಾಗಿ, ಕೆಲಸವನ್ನು ದಿನಗಳಿಗೆ ಹಂಚಿರಿ. ಕೇಕ್, ಕುಸ್ವಾರ್, ಕರ್ಜಿಕಾಯಿಗಳು ಡಿಸೆಂಬರ್ 20ರೊಳಗೆ ಮುಗಿಯಲಿ. ಮಸಾಲೆಯ ಪುಡಿಯನ್ನು 22ರಂದು ಹುರಿದು ಪುಡಿಮಾಡಿ. ಶುಂಠಿ ಬೆಳ್ಳುಳ್ಳಿ ಅರೆಯುವುದು, ಬಿರಿಯಾನಿಯ ಈರುಳ್ಳಿ ಹುರಿಯುವುದು 23ಕ್ಕೆ. ಮಾಂಸಕ್ಕೆ ಮಸಾಲೆ ಹಚ್ಚಿ ಫ್ರಿಜ್ಜಿನಲ್ಲಿ ಇಡುವುದು, ಹಿಟ್ಟು ಅರೆದು ಹುದುಗಲು ಬಿಡುವುದು 24ರ ಮಧ್ಯಾಹ್ನದೊಳಗೆ. 25ರ ಬೆಳಿಗ್ಗೆಗೆ ಬೇಯಿಸುವ ಕೆಲಸವೊಂದೇ ಉಳಿಯಲಿ.

ನಾಲ್ಕನೆಯದಾಗಿ, ಕೈಗಳನ್ನು ಹಂಚಿರಿ. ‘ಸಹಾಯ ಮಾಡುತ್ತೇನೆ’ ಎಂಬ ಮಾತಿಗಿಂತ ‘ಇದು ನನ್ನ ಕೆಲಸ’ ಎಂಬ ಮಾತು ಮೇಲು. ಮಾಂಸ ತಂದು ತೊಳೆದು ಕೊಡುವುದು ತಂದೆಯದು, ಈರುಳ್ಳಿ ಬೆಳ್ಳುಳ್ಳಿ ಬಿಡಿಸುವುದು ಹಿರಿಯ ಮಗನದು, ಬಡಿಸುವುದು ಮಗಳದು, ಪಾತ್ರೆ ತೊಳೆಯುವುದು ಉಂಡವರೆಲ್ಲರದು. ಊಟಕ್ಕೆ ಬರುವ ನೆಂಟರು ಒಂದೊಂದು ಭಕ್ಷ್ಯವನ್ನು ತರುತ್ತೇವೆಂದರೆ ಬೇಡವೆನ್ನದಿರಿ. ಅವರ ಪಾತ್ರೆಯೂ ಒಂದು ಕಾಣಿಕೆಯೇ. ಭಟ್ಟಿಯಿಂದ ಬೇಯಿಸಿ ತಂದ ಹೆಬ್ಬಾತಿನಿಂದ ಕ್ರ್ಯಾಚಿಟ್ ಮನೆಯ ಮಾನ ಹೋಗಲಿಲ್ಲ. ಒಂದು ಭಕ್ಷ್ಯವನ್ನು ಹೊರಗಿನಿಂದ ತರಿಸಿದರೆ ನಿಮ್ಮ ಮನೆಯದೂ ಹೋಗದು.

ಕೊನೆಯದಾಗಿ, ಅಡುಗೆ ಮಾಡಿದವಳು ಕೂರುವ ತನಕ ಯಾರೂ ತುತ್ತೆತ್ತದಿರಲಿ. ಊಟದ ಪ್ರಾರ್ಥನೆಗೆ ಅವಳೂ ಪಂಕ್ತಿಯಲ್ಲಿರಲಿ. ಇದೊಂದಕ್ಕೆ ಖರ್ಚೂ ಇಲ್ಲ, ಮುಂಚಿತ ಸಿದ್ಧತೆಯೂ ಬೇಕಿಲ್ಲ.

ಮಾರ್ತಳ ದೂರು

ಲೂಕನ ಶುಭಸಂದೇಶದ ಮಾರ್ತಳನ್ನು ಕುರಿತು ನಾವು ಉಪದೇಶಪೀಠದಿಂದ ಎಷ್ಟೋ ಸಲ ಕಠಿಣವಾಗಿ ಮಾತನಾಡಿದ್ದೇವೆ. ಅವಳ ದೂರನ್ನು ಮತ್ತೊಮ್ಮೆ ಓದಿ ನೋಡಿರಿ. ಕೆಲಸ ಇದೆಯೆಂದು ಅವಳು ದೂರಲಿಲ್ಲ. ಕೆಲಸವೆಲ್ಲ ತನ್ನೊಬ್ಬಳ ಮೇಲೆಯೇ ಬಿದ್ದಿದೆಯೆಂದು ದೂರಿದಳು. ಯೇಸುಸ್ವಾಮಿ ಅವಳನ್ನು ಹೆಸರು ಹಿಡಿದು ಎರಡು ಸಲ ಕರೆದು, ಅವಳ ಮನಸ್ಸನ್ನು ಕಾಡುತ್ತಿದ್ದ ಹಲವು ಚಿಂತೆಗಳನ್ನು ತೋರಿಸಿಕೊಟ್ಟರು. ಅವಳ ಅಡುಗೆಯನ್ನು ಅವರು ತಿರಸ್ಕರಿಸಲಿಲ್ಲ. ಯೊವಾನ್ನನ ಶುಭಸಂದೇಶದ ಪ್ರಕಾರ ಪಾಸ್ಕಕ್ಕೆ ಆರು ದಿನ ಮುಂಚೆ ಬೆಥಾನಿಯದ ಔತಣದಲ್ಲಿ ಮಾರ್ತಳು ಮತ್ತೆ ಬಡಿಸುತ್ತಿದ್ದಾಳೆ. ಅಲ್ಲಿ ಅವಳ ದೂರು ಕೇಳಿಸುವುದಿಲ್ಲ.

1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಜೀವಂತ ಎತ್ತು ಕತ್ತೆಗಳೊಂದಿಗೆ ಕ್ರಿಸ್ತಜಯಂತಿಯನ್ನು ಆಚರಿಸಿದ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ನಾವು ಗೋದಲಿಯ ಮುಂದೆ ನೆನೆಯುತ್ತೇವೆ. ಅವರ ಜೀವನವನ್ನು ಬರೆದ ಚೆಲಾನೊದ ಥಾಮಸ್ ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾರೆ. ಕ್ರಿಸ್‌ಮಸ್ ದಿನ ಶ್ರೀಮಂತರು ಬಡವರಿಗೆ ಹೊಟ್ಟೆತುಂಬ ಉಣಬಡಿಸಬೇಕೆಂದೂ, ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಮೇವು ಹಾಕಬೇಕೆಂದೂ ಫ್ರಾನ್ಸಿಸರು ಬಯಸಿದ್ದರಂತೆ. ವರ್ಷವೆಲ್ಲ ದುಡಿಯುವ ಜೀವಗಳಿಗೆ ಅಂದು ಹಬ್ಬವಾಗಬೇಕೆಂಬುದು ಅವರ ಹಂಬಲ.

ಕೊಟ್ಟಿಗೆಯ ಎತ್ತಿಗೂ ಹಬ್ಬವಾಗಬೇಕೆಂದ ಸಂತರು ನಮ್ಮ ಅಡುಗೆಮನೆಗೆ ಬಂದರೆ ಮೊದಲು ಯಾರನ್ನು ವಿಚಾರಿಸಿಯಾರು? ಈ ಡಿಸೆಂಬರ್ 24ರ ಸಂಜೆ ಗೋದಲಿಗೆ ದೀಪ ಹಚ್ಚಿದ ಮೇಲೆ ಒಳಗೆ ಹೋಗಿ, ಒಂದು ಮಣೆ ಎಳೆದುಕೊಂಡು ಕುಳಿತು, ಬೆಳ್ಳುಳ್ಳಿ ಬಿಡಿಸಲು ತೊಡಗಿರಿ. ಪೂಜೆಗೆ ಎಲ್ಲರೂ ಒಟ್ಟಾಗಿ ಹೊರಡುವಿರಿ.